ಜರ್ಮನ್ ಗಾಯಕರ ಶ್ರುತಿ ಇಳಿದದ್ದು

ವೇದಿಕೆಯ ಮೇಲೆ ನನ್ನದು ಎಡಗೈ ಕೆಲಸ. ಪಿಯಾನೊ ನುಡಿಸುವವರ ಎಡಕ್ಕೆ, ಒಂದಿಷ್ಟು ಹಿಂದೆ, ಕುರ್ಚಿಯ ತುದಿಯಲ್ಲಿ ಕೂತಿರಬೇಕು. ಅವರ ಕಣ್ಣು ಪುಟದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸದ್ದಿಲ್ಲದೆ ಎದ್ದು ನಿಂತು, ಎಡಗೈ ಚಾಚಿ, ಪುಟದ ಮೇಲಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಕಾಯಬೇಕು. ಅವರು ತಲೆ ಆಡಿಸಿದ ಕೂಡಲೇ ತಿರುಗಿಸಿ, ಕೂತು, ಇಲ್ಲವೇ ಇಲ್ಲವೆನ್ನುವ ಹಾಗೆ ಇದ್ದುಬಿಡಬೇಕು. ಬಲಗೈ ಚಾಚಿದರೆ ನಮ್ಮ ಮೈಯೆಲ್ಲ ಅವರ ಮುಂದೆ ವಾಲಿ ಪುಟವೇ ಕಾಣುವುದಿಲ್ಲ.

ಇಷ್ಟು ಸರಳವಾದದ್ದು ನನ್ನ ಕೈಗೆ ಹತ್ತಲು ಎರಡು ತಿಂಗಳು ಬೇಕಾಯಿತು. ಮೈಸೂರಿನ ನಮ್ಮ ಮನೆಯಲ್ಲಿ ಪುಸ್ತಕವನ್ನು ಎಡಗೈಯಲ್ಲಿ ತೆಗೆದುಕೊಂಡರೆ ಅಮ್ಮ ವಾಪಸ್ ಇಡಿಸಿ ಬಲಗೈಯಲ್ಲಿ ತೆಗೆಸುತ್ತಿದ್ದಳು. ಹಾಗಾಗಿ ಮೊದಲ ಅಭ್ಯಾಸದ ದಿನ ನಾನು ಭಕ್ತಿಯಿಂದ ಬಲಗೈಯನ್ನೇ ಚಾಚಿದೆ. ಮೊಣಕೈ ತಗುಲಿ ಟೀಚರ ಕನ್ನಡಕ ಪಿಯಾನೊದ ಕಪ್ಪು ಬಿಳಿ ಮನೆಗಳ ಮೇಲೆ ಬಿತ್ತು. ಕನ್ನಡಕ ಯಾವ ಸ್ವರದ ಮೇಲೆ ಬಿತ್ತು ಎನ್ನುವುದನ್ನು ಅವರು ಕಣ್ಣು ಕಾಣದೆಯೇ ಹೇಳಿದರು. ಅಂಥ ಕಿವಿ ಅವರದು. ಬೈಯಲಿಲ್ಲ. ಬೈದಿದ್ದರೆ ನನಗೆ ಆ ವಾರ ನಿದ್ದೆಯಾದರೂ ಬರುತ್ತಿತ್ತು.

ಟೀಚರ್ ಅಂದರೆ ನನ್ನ ಮಗಳಿಗೆ ಪಿಯಾನೊ ಹೇಳಿಕೊಟ್ಟವರು. ಟೆಕ್ಸಸ್ಸಿನಲ್ಲೇ ಹುಟ್ಟಿ ಬೆಳೆದ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವರು. ಹೂಸ್ಟನ್ ಪಕ್ಕದ ಕೇಟಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಸಿಗ್ನಲ್ ಆಚೆ ಅವರ ಮನೆ. ನಮ್ಮವರಲ್ಲಿ ಎಷ್ಟೋ ತಾಯಂದಿರು ಮಾಡುವ ಹಾಗೆ ನಾನೂ ಮಗಳ ಪಾಠದ ಹೊತ್ತಿಗೆ ಹಿಂದಿನ ಸೋಫಾದಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದೆ. ಮನೆಗೆ ಬಂದ ಮೇಲೆ ಅವಳನ್ನು ಪೀಡಿಸಲು ಆಧಾರ ಬೇಕಲ್ಲ. ಒಂಬತ್ತು ವರ್ಷ ಹಾಗೆ ಕೂತೆ. ಮಗಳು ಹನ್ನೊಂದನೇ ಕ್ಲಾಸಿನಲ್ಲಿ ಒಂದು ದಿನ, ಇನ್ನು ಸಾಕು, ನನಗಿಂತ ನಿನಗೇ ಇದು ಚೆನ್ನಾಗಿ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿ ವಾಲಿಬಾಲ್ ಸೇರಿದಳು. ಅಷ್ಟರಲ್ಲಿ ಒಂದು ಸ್ವರವನ್ನೂ ನುಡಿಸಲು ಬಾರದ, ಆದರೆ ಯಾವ ಪುಟವನ್ನು ಕೊಟ್ಟರೂ ಸ್ವರಗಳ ಹಿಂದೆ ಬೆರಳಿಟ್ಟು ಓಡಬಲ್ಲ ಒಬ್ಬ ವಿಚಿತ್ರ ವಿದ್ಯಾವಂತೆ ನಾನಾಗಿದ್ದೆ. ಪುಟ ತಿರುಗಿಸುವವರಿಗೆ ಬೇಕಾದದ್ದು ಅಷ್ಟೇ ಅಂತೆ. ಟೀಚರ್ ಕರೆದರು. ನಾನು ಹೋದೆ.

ಜರ್ಮನ್ ಗಾಯಕರು ನಮಗೆ ಸಿಕ್ಕಿದ್ದು ಆಮೇಲೆ. ಅವರ ಹೆಂಡತಿ ಭೂವಿಜ್ಞಾನಿ. ತೈಲ ಕಂಪನಿಗಳೆಲ್ಲ ಇರುವ ಎನರ್ಜಿ ಕಾರಿಡಾರಿನ ಒಂದು ಆಫೀಸಿಗೆ ಕೆಲಸದ ಮೇಲೆ ಬಂದರು, ಹಿಂದೆಯೇ ಇವರೂ ಬಂದರು. ಆರಡಿಯ ಮೇಲೆ ಇನ್ನೊಂದಿಷ್ಟು ಎತ್ತರ, ಬೆಳ್ಳಗಾದ ಗಡ್ಡ, ಮತ್ತು ಕೊರಳಿಗೆ ಮಫ್ಲರು. ಹೂಸ್ಟನ್ನಿನ ಆಗಸ್ಟ್ ತಿಂಗಳಲ್ಲಿ ಮಫ್ಲರು. ಹೊರಗಿನ ಬಿಸಿಲಿಗಲ್ಲ, ಒಳಗಿನ ಏಸಿಗೆ. ನೋಡಿದ ಕೂಡಲೇ ನನಗೆ ಇವರು ನಮ್ಮ ಕಡೆಯವರು ಅನ್ನಿಸಿಬಿಟ್ಟಿತು. ಮೈಸೂರಿನಲ್ಲಿ ನನಗೆ ಸಂಗೀತ ಹೇಳಿಕೊಟ್ಟ ಮೇಷ್ಟರು ಏಪ್ರಿಲಿನಲ್ಲೂ ಹಾಗೇ ಸುತ್ತಿಕೊಂಡು, ಫ್ಯಾನು ಹಾಕಿದವರನ್ನು ಕೆಕ್ಕರಿಸಿ ನೋಡುತ್ತಿದ್ದರು.

ಅವರದು ಬ್ಯಾರಿಟೋನ್ ಕಂಠ. ಗಂಡು ದನಿಗಳಲ್ಲಿ ನಡುವಿನದು, ತೀರಾ ಮೇಲಿನದೂ ಅಲ್ಲ, ತೀರಾ ಕೆಳಗಿನದೂ ಅಲ್ಲ. ಹಾಡುವುದು ಅವರ ಭಾಷೆಯ ಕಲಾಗೀತೆಗಳನ್ನು. ನಮ್ಮ ಭಾವಗೀತೆಯ ದೂರದ ನೆಂಟ ಎನ್ನಬಹುದು. ಕವಿಯ ಪದ್ಯ, ಅದಕ್ಕೆ ಒಬ್ಬ ಸಂಯೋಜಕ ಕೂರಿಸಿದ ರಾಗ, ಒಂದು ಕಂಠ, ಒಂದು ಪಿಯಾನೊ. ಮೈಕ್ ಇಲ್ಲ, ವೇಷ ಇಲ್ಲ, ಕೈ ಆಡಿಸುವುದೂ ಇಲ್ಲ. ಪಿಯಾನೊದ್ದು ಬರೀ ತಲೆದೂಗುವ ಕೆಲಸವಲ್ಲ. ಹಾಡಿನ ಅರ್ಧ ಅದರದೇ. ಇಬ್ಬರೂ ಸೇರಿ ಒಂದು ಗಂಟೆ ಹೊತ್ತು ಒಬ್ಬ ಮನುಷ್ಯನ ಪ್ರೀತಿ, ನಡಿಗೆ, ನದಿ, ಮರ, ಮರಣ ಎಲ್ಲವನ್ನೂ ನಿಂತಲ್ಲೇ ಮುಗಿಸುತ್ತಾರೆ. ಮೂರನೆಯವಳಾದ ನಾನು ಪುಟ ತಿರುಗಿಸುತ್ತೇನೆ.

ಆ ವರ್ಷ ಮೂರು ಊರಿನಲ್ಲಿ ಕಛೇರಿ ಗೊತ್ತಾಗಿತ್ತು: ಒಂದು ಶುಕ್ರವಾರ ಆಸ್ಟಿನ್, ಅದೇ ಭಾನುವಾರ ಡಾಲಸ್, ಮೂರು ವಾರ ಬಿಟ್ಟು ನಮ್ಮ ಹೂಸ್ಟನ್. ಮೂರರಲ್ಲೂ ಒಂದೇ ಹಾಡುಗಳ ಮಾಲೆ. ಅವರು ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲು ಹಾಡಿದ್ದು. ಆ ವರ್ಷ ಅರವತ್ತೊಂದು. ಟೆಕ್ಸಸ್ಸಿನ ಹೈವೇಗಳೆಂದರೆ ಅವರಿಗೆ ಭಯ, ಟೀಚರಿಗೆ ಬೆನ್ನುನೋವು, ಆದ್ದರಿಂದ ನಮ್ಮ ಮಿನಿವ್ಯಾನ್, ನಾನೇ ಡ್ರೈವರ್. ನನ್ನ ಬ್ಯಾಗಿನಲ್ಲಿ ಎರಡು ಸೆಟ್ ಜೆರಾಕ್ಸ್, ಏಸಿ ಗಾಳಿಗೆ ಪುಟ ಹಾರದಂತೆ ಕ್ಲಿಪ್ಪುಗಳು, ಪಿನ್ನು, ಟಾರ್ಚು, ಲವಂಗ, ಟೀಚರ ಹಳೆಯ ಕನ್ನಡಕ. ಗಂಡ ನೋಡಿ, ಕಛೇರಿಗೆ ಹೋಗುತ್ತಿದ್ದೀಯೋ ಚಾರಣಕ್ಕೋ ಎಂದು ಕೇಳಿದ. ನಾನು ಎರಡು ಪುಟ ಅಂಟಿಕೊಂಡು ಒಟ್ಟಿಗೆ ತಿರುಗಿಬಿಟ್ಟರೆ ಏನು ಗತಿ ಎಂದು ಯೋಚಿಸುತ್ತಿದ್ದೆ.

ಆಸ್ಟಿನ್ನಿನಲ್ಲಿ ಅದು ಆಗಲಿಲ್ಲ. ಬೇರೆಯದು ಆಯಿತು. ಮಾಲೆಯ ನಡುವೆ ಒಂದು ಹಾಡು ಇದೆ. ಕೊನೆಯ ಪುಟದಲ್ಲಿ ದನಿ ಮೇಲಕ್ಕೆ ಏರಿ, ಒಂದು ಸ್ವರದ ಮೇಲೆ ನಿಂತು, ಹಾಗೇ ಮೆಲ್ಲಗೆ ಕರಗಬೇಕು. ನಾನು ಎದ್ದೆ, ಟೀಚರ್ ತಲೆ ಆಡಿಸಿದರು, ತಿರುಗಿಸಿದೆ. ಗಾಯಕರ ದನಿ ಏರಿತು, ಆ ಸ್ವರವನ್ನು ಮುಟ್ಟಿತು, ಒಡೆಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಮುಂದಿನ ಸಾಲನ್ನು ಅವರು ಏನೂ ಆಗದವರ ಹಾಗೆ ಹಾಡಿದರು. ಕೊನೆಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಮ್ಮೆ ಬಾಗಿ ಒಳಗೆ ಹೋದವರು ಎರಡನೇ ಸಲ ಹೊರಗೆ ಬರಲಿಲ್ಲ.

ತಪ್ಪು ನನ್ನದೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅರ್ಧ ಮಾತ್ರೆ ಬೇಗ ತಿರುಗಿಸಿದ್ದೇನೆ, ಪುಟದ ಸದ್ದಿಗೆ ಅವರ ಗಮನ ತಪ್ಪಿದೆ. ಬೆಳಗ್ಗೆ ಡಾಲಸ್ ಕಡೆಗೆ ಹೊರಟಾಗ, ಕನ್ನಡಿಯಲ್ಲಿ ಹಿಂದಿನ ಸೀಟಿನ ಮಫ್ಲರನ್ನು ನೋಡಿಕೊಂಡು, ಮನಸ್ಸಿನಲ್ಲಿ ಹತ್ತು ಸಲ ಉರು ಹೊಡೆದ ಕ್ಷಮಾಪಣೆಯನ್ನು ಒಪ್ಪಿಸಿದೆ. ಅವರಿಗೆ ಮೊದಲು ನಾನೇನು ಹೇಳುತ್ತಿದ್ದೇನೆ ಎನ್ನುವುದೇ ತಿಳಿಯಲಿಲ್ಲ.

"ನಿಮ್ಮ ಪುಟ ಸರಿಯಾದ ಹೊತ್ತಿಗೇ ತಿರುಗಿತು. ಸ್ವರ ಬರಲಿಲ್ಲ, ಅಷ್ಟೆ. ಒಂದು ವರ್ಷದಿಂದ ಹೀಗೇ ಇದೆ. ಮೂರು ದಿನದಲ್ಲಿ ಎರಡು ದಿನ ಬರುತ್ತೆ, ಒಂದು ದಿನ ಬರಲ್ಲ," ಎಂದರು. ಆಮೇಲೆ, ಹವಾಮಾನದ ವಿಷಯ ಹೇಳುವವರ ಹಾಗೆ, ಡಾಲಸ್ಸಿನಲ್ಲಿ ಮಾತು ಕೊಟ್ಟಾಗಿದೆ, ಹಾಡುತ್ತೇನೆ, ಹೂಸ್ಟನ್ನಿನವರಿಗೆ ಮಾತ್ರ ಬರುವುದಿಲ್ಲವೆಂದು ತಿಳಿಸಿಬಿಡುತ್ತೇನೆ ಎಂದರು.

ಪಕ್ಕದಲ್ಲಿದ್ದ ಟೀಚರ್ ತಿರುಗದೆಯೇ ಕೇಳಿದರು: "ಹೂಸ್ಟನ್ ಒಂದೇನಾ?"

"ಇಲ್ಲ. ಹಾಡೋದನ್ನೇ."

ತಪ್ಪು ನನ್ನದಲ್ಲ ಎಂಬ ಸಮಾಧಾನ ಅರ್ಧ ನಿಮಿಷ ಇತ್ತು. ಈಗ ಅದಕ್ಕಿಂತ ದೊಡ್ಡ ಚಿಂತೆ ಕಾರಿನಲ್ಲಿ ಬಂದು ಕೂತಿತ್ತು. ನನ್ನ ಚಿಂತೆಗಳಲ್ಲಿ ಮುಕ್ಕಾಲು ನಾನೇ ಕಟ್ಟಿಕೊಂಡವು. ಇದು ಹಾಗಲ್ಲ, ನಿಜವಾದದ್ದು. ನಿಜವಾದ ಚಿಂತೆ ಬಂದಾಗ ಏನು ಮಾಡಬೇಕೆಂದು ಇಷ್ಟು ವರ್ಷದ ಅಭ್ಯಾಸವಿದ್ದೂ ನನಗೆ ಗೊತ್ತಿರಲಿಲ್ಲ.

ಹಾಡು ಬಿಡುತ್ತೇನೆ ಎಂದವರು ಅಲ್ಲಿಂದ ನಡುದಾರಿಯ ವೇಕೋ ಊರು ದಾಟುವ ತನಕ ಹಾಡಿನದೇ ಮಾತಾಡಿದರು. ಅಪ್ಪ ಬೇಕರಿ ಇಟ್ಟಿದ್ದ ಸಣ್ಣ ಊರು, ಚರ್ಚಿನ ಹುಡುಗರ ಮೇಳ, ದನಿ ಒಡೆಯುವ ವಯಸ್ಸಿನಲ್ಲಿ ಎರಡು ವರ್ಷ ಬಾಯಿ ಮುಚ್ಚಿಕೊಂಡಿರಲು ಹೇಳಿದ ಗುರು. ಆಮೇಲೆ ನಡುಗಾತ್ರದ ಒಂದು ಊರಿನ ಒಪೆರಾ ಮಂದಿರದಲ್ಲಿ ಇಪ್ಪತ್ತೆರಡು ವರ್ಷ ತಿಂಗಳ ಸಂಬಳದ ಗಾಯಕ. ಅಲ್ಲಿ ಪುರೋಹಿತ, ಸೇನಾಧಿಪತಿ, ನಾಯಕಿಯ ಅಪ್ಪ, ಓಲೆ ತಂದುಕೊಟ್ಟು ಹೋಗುವವನು, ಎಲ್ಲ ಆಗಿದ್ದಾರೆ. ವೇದಿಕೆಯ ಮೇಲೆ ಎಷ್ಟು ಸಲ ಸತ್ತೆ ಎನ್ನುವ ಲೆಕ್ಕ ತಪ್ಪಿದೆ. ಹೆಚ್ಚಾಗಿ ಕತ್ತಿಯಿಂದ, ಒಮ್ಮೆ ಮಾತ್ರ ಪ್ರೀತಿಯಿಂದ ಎಂದರು. ಆದರೆ ಒಪೆರಾ ಅವರಿಗೆ ಆಫೀಸು. ಬಿಡುವಿದ್ದಾಗ ಪುಟ್ಟ ಸಭಾಂಗಣಗಳಲ್ಲಿ ಐವತ್ತು, ನೂರು ಜನರ ಮುಂದೆ ಹಾಡುತ್ತಿದ್ದ ಈ ಹಾಡುಗಳೇ ಮನೆ. ಈ ಮಾಲೆಯನ್ನು ಇಷ್ಟು ವರ್ಷ ಒಂದೇ ಶ್ರುತಿಯಲ್ಲಿ ಹಾಡಿದ್ದಾರೆ. ಆ ಶ್ರುತಿಯನ್ನು ಗೊತ್ತುಮಾಡಿಕೊಟ್ಟದ್ದು ಅದೇ ಗುರು.

ಡಾಲಸ್ ಪಕ್ಕದ ಮರ್ಫಿಯಲ್ಲಿ ನನ್ನ ನಾದಿನಿಯ ಮನೆಯಲ್ಲಿ ಇಳಿದುಕೊಂಡೆವು. ಹೋಟೆಲ್ ಬೇಡವೆಂದು ನಾನೇ ಹಠ ಮಾಡಿದ್ದೆ. ಹೋಟೆಲಿನ ಏಸಿಯನ್ನು ನಂಬುವ ಹಾಗಿಲ್ಲ. ನಾದಿನಿಯ ಅತ್ತೆ ಧಾರವಾಡದವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ರಿಟೈರ್ ಆದವರು. ಎಪ್ಪತ್ತೆಂಟು ವಯಸ್ಸು. ಈಗಲೂ ಆ ಮನೆಯ ಡೈನಿಂಗ್ ಟೇಬಲ್ಲಿನಲ್ಲಿ ಕೂತು, ಸಕ್ಕರೆ ಡಬ್ಬಕ್ಕೆ ಐಪ್ಯಾಡ್ ಒರಗಿಸಿಕೊಂಡು, ಯಾವ್ಯಾವುದೋ ದೇಶದ ಮಕ್ಕಳಿಗೆ ಪಾಠ ಹೇಳುತ್ತಾರೆ. ಮನೆಯವರೆಲ್ಲ ಅಜ್ಜಿ ಅನ್ನುವುದರಿಂದ ನನಗೂ ಅಜ್ಜಿ. ಬಾಗಿಲಲ್ಲಿ ಮಫ್ಲರನ್ನು ನೋಡಿದ ಕೂಡಲೇ ಸೊಸೆಗೆ ಏಸಿ ಕಡಿಮೆ ಮಾಡಲು ಹೇಳಿದರು. ಊಟಕ್ಕೆ ಕೂತಾಗ ಗಾಯಕರು ಮೊಸರು ಬೇಡವೆಂದರು. ಹಾಡುವ ಹಿಂದಿನ ದಿನ ತಿನ್ನುವುದಿಲ್ಲವಂತೆ. ಅಜ್ಜಿ ನನ್ನ ಕಡೆ ನೋಡಿ, ಮನುಷ್ಯ ಶಿಸ್ತಿನಾಂವ ಇದ್ದಾನ ಎಂದು ಸರ್ಟಿಫಿಕೇಟ್ ಕೊಟ್ಟರು. ಊಟವಾದ ಮೇಲೆ ಜ್ಯೇಷ್ಠಮಧುವಿನ ಬೇರಿನ ತುಂಡೊಂದನ್ನು ತಂದು ಅವರ ಕೈಗಿಟ್ಟರು. ಅವರು ಮೂಸಿ ನೋಡಿ, ಮಕ್ಕಳ ಹಾಗೆ ನಕ್ಕು, ತಮ್ಮ ಗುರುಗಳೂ ಇದನ್ನೇ ಅಗಿಯುತ್ತಿದ್ದರು ಎಂದು ಬಾಯಿಗೆ ಹಾಕಿಕೊಂಡರು.

ಎಲ್ಲ ಇಷ್ಟು ಚೆನ್ನಾಗಿರುವಾಗ ನಾನು ಸುಮ್ಮನಿರಬೇಕಿತ್ತು. ಆದರೆ ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು ತಡೆಯಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಗೆ ಹೇಳಿಬಿಟ್ಟೆ. ಅವರು ಕೈ ಒರೆಸಿಕೊಂಡು ಸೀದಾ ಹೊರಗೆ ಬಂದು ಗಾಯಕರ ಎದುರು ಕೂತರು. ತರ್ಜುಮೆ ಮಾಡುವ ಶಿಕ್ಷೆ ನನ್ನ ಪಾಲಿಗೆ ಬಂತು.

"ಅವರ್ದು ಯಾವ ಪಟ್ಟಿ ಅಂತ ಕೇಳು, ತಂಗಿ."

ಪಟ್ಟಿ ಅಂದರೆ ಹಾರ್ಮೋನಿಯಮ್ಮಿನಲ್ಲಿ ಬೆರಳೊತ್ತುವ ಕಪ್ಪು, ಬಿಳಿ ಮನೆ. ಯಾವ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತೀರಿ ಎಂದು ಕೇಳುವುದು. ಗಾಯಕರು ಒಂದೊಂದು ಹಾಡಿಗೆ ಒಂದೊಂದು ಎಂದರು. ಅಜ್ಜಿಗೆ ಅದು ಅಷ್ಟು ಹಿಡಿಸಲಿಲ್ಲ, ಆದರೂ ಬಿಟ್ಟರು.

"ನಾ ಹರೇದಾಕಿ ಇದ್ದಾಗ ಕಪ್ಪು ಐದರಾಗ ಹಾಡತಿದ್ದೆ. ಐವತ್ತಕ್ಕ ಕಪ್ಪು ನಾಕಕ್ಕ ಬಂದೆ. ಈಗ ಬಿಳಿ ನಾಕು. ನಮ್ಮ ಗುರುಗಳೂ ಇಳಿಸಿದ್ರು, ಅವರ ಗುರುಗಳೂ ಇಳಿಸಿದ್ರು. ಹಾಡೇನು ಸಣ್ಣದಾಗಲಿಲ್ಲ ಅಂತ ಹೇಳು ಅವರಿಗೆ."

ಹೇಳಿದೆ. ಗಾಯಕರು ವಿನಯದಿಂದ ಕೇಳಿಸಿಕೊಂಡು, ತಮ್ಮಲ್ಲಿ ಹಾಗಿಲ್ಲ, ಶ್ರುತಿ ಬರೆದಿರುತ್ತದೆ, ಹಾಡು ಇರುವುದೇ ಆ ಶ್ರುತಿಯಲ್ಲಿ ಎಂದು ವಿವರಿಸಿದರು. ಟೀಚರ್ ಆಗ, ಅದು ಪೂರ್ತಿ ನಿಜವಲ್ಲ ಎಂದರು. ಸಂಯೋಜಕ ಈ ಮಾಲೆಯನ್ನು ಬರೆದದ್ದು ಇನ್ನೂ ಮೇಲಿನ ಕಂಠಕ್ಕೆ. ಬ್ಯಾರಿಟೋನ್‌ಗಳು ಹಾಡುವುದು ಯಾರೋ ಆಮೇಲೆ ಇಳಿಸಿ ಅಚ್ಚು ಹಾಕಿದ್ದನ್ನು. ಇದನ್ನೂ ನಾನು ಕನ್ನಡಕ್ಕೆ ಇಳಿಸಿದೆ.

ಅಜ್ಜಿ ಗಾಯಕರನ್ನೇ ನೋಡುತ್ತ ನಿಧಾನವಾಗಿ ಹೇಳಿದರು: "ಹಂಗಾದ್ರ ಇವರ ಗುರುಗಳು ಒಮ್ಮೆ ಇಳಿಸೇ ಕೊಟ್ಟಾರಲ್ಲ. ಒಮ್ಮೆ ಇಳಿಸಿದ್ದನ್ನ ಇನ್ನೊಮ್ಮೆ ಇಳಿಸಲಿಕ್ಕೆ ಏನು ಅಡ್ಡಿ ಅದ?"

ಅದನ್ನು ಹೇಳಿ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ನನ್ನದೂ ಒಂದು ಮಾತು ಸೇರಿಸಿದೆ. ಇನ್ನು ಮೂರು ವಾರ ಇದೆಯಲ್ಲ, ಎಲ್ಲವನ್ನೂ ಒಂದೊಂದು ಸ್ವರ ಕೆಳಗೆ ನುಡಿಸಿದರೆ ಮುಗಿಯಿತು, ಅದೇನು ಮಹಾ ಎಂದೆ. ನಮ್ಮಲ್ಲಿ ಆಗುವುದೇ ಹಾಗೆ. ಹಾಡುವವರು ಈವತ್ತು ಗಂಟಲು ಸರಿಯಿಲ್ಲ ಎಂದರೆ ತಂಬೂರಿಯ ತಂತಿ ಸಡಿಲ ಮಾಡುತ್ತೇವೆ, ಪಿಟೀಲಿನವರು ಬಿರಡೆ ತಿರುಗಿಸುತ್ತಾರೆ, ಕಛೇರಿ ನಡೆಯುತ್ತದೆ. ಪಿಯಾನೊಗೆ ಬಿರಡೆ ತಿರುಗಿಸುವ ಹಾಗಿಲ್ಲ ಎಂಬುದು, ಒಂಬತ್ತು ವರ್ಷ ಅದರ ಹಿಂದಿನ ಸೋಫಾದಲ್ಲಿ ಕೂತಿದ್ದ ನನಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ.

ಟೀಚರ್ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಇಟ್ಟರು. "ಒಂದು ಸ್ವರ ಕೆಳಗೆ ಅಂದ್ರೆ ನನ್ನ ಹತ್ತು ಬೆರಳಿಗೂ ಹೊಸ ಊರು. ಒಂದು ಗಂಟೆಯ ಸಂಗೀತ. ಆ ಒಂದೇ ಹಾಡು ಇಳಿಸಿದ್ರೆ ಹಿಂದಿನದಕ್ಕೂ ಮುಂದಿನದಕ್ಕೂ ಇರೋ ಕೊಂಡಿ ತಪ್ಪುತ್ತೆ, ಎಲ್ಲ ಇಳಿಸ್ಬೇಕು. ಇದು ನಿಮ್ಮ ಮನೆಯ ಹಾರ್ಮೋನಿಯಂ ಅಲ್ಲ," ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ ಫೋನು ತೆಗೆದು ಅದರಲ್ಲಿ ಏನೋ ಒತ್ತುತ್ತಾ ಕೂತರು. ನಾನು ಎದ್ದು, ತೊಳೆದಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಭಾನುವಾರ ಡಾಲಸ್ಸಿನಲ್ಲಿ ಗಾಯಕರು ಆ ಒಂದು ಹಾಡನ್ನು ಬಿಟ್ಟು ಹಾಡಿದರು. ಶುರುವಿನಲ್ಲೇ ಸಭೆಗೆ ಹೇಳಿದರು, ಕಾರಣ ಕೊಡಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿಯೇ ಬಂತು. ಆದರೆ ಆ ಹಾಡಿನ ನಾಲ್ಕು ಪುಟಗಳನ್ನು ಒಟ್ಟಿಗೆ ಹಿಡಿದು ತಿರುಗಿಸುವಾಗ, ಮನೆಯವರು ಒಬ್ಬರ ಎಲೆ ಬಿಟ್ಟು ಬಡಿಸಿಕೊಂಡು ಹೋದ ಹಾಗೆ ನನಗೆ ಅನ್ನಿಸಿತು. ಅವರು ಆ ಹೊತ್ತಿನಲ್ಲಿ ನೆಲ ನೋಡುತ್ತಿದ್ದರು.

ವಾಪಸ್ ಬರುವಾಗ ಅರ್ಧ ಹಾದಿ ಮುಗಿಯುವಷ್ಟರಲ್ಲಿ ನಾನು ಟೀಚರ ಸ್ನೇಹ, ಪುಟದ ಕೆಲಸ, ಮಾನ ಎಲ್ಲ ಒಟ್ಟಿಗೆ ಹೋದವು ಎಂದು ಲೆಕ್ಕ ಹಾಕಿ ಮುಗಿಸಿದ್ದೆ. ಆಗ ಹಿಂದಿನ ಸೀಟಿನಿಂದ ಗಾಯಕರು ಮೆಲ್ಲಗೆ, ಟೀಚರನ್ನು ಕುರಿತು, ಮೂರು ವಾರದಲ್ಲಿ ಅದು ಆಗುವ ಕೆಲಸವೇ ಎಂದು ಕೇಳಿದರು.

"ಪುಸ್ತಕ ಮಂಗಳವಾರ ಬರುತ್ತೆ," ಎಂದರು ಟೀಚರ್. "ಶನಿವಾರವೇ ಆರ್ಡರ್ ಮಾಡಿದೆ. ಆ ಅಜ್ಜಿ ನನ್ನ ಮುಖ ನೋಡ್ತಾ ಇದ್ರು."

ಈ ಹಾಡುಗಳ ಪುಸ್ತಕಗಳು ಮೂರು ಬಗೆಯಲ್ಲಿ ಅಚ್ಚಾಗುತ್ತವೆ: ಮೇಲಿನ ಕಂಠಕ್ಕೆ, ನಡುವಿನ ಕಂಠಕ್ಕೆ, ಕೆಳಗಿನ ಕಂಠಕ್ಕೆ. ಒಂದೊಂದಕ್ಕೆ ಒಂದೊಂದು ಬಣ್ಣದ ರಟ್ಟು. ಮಂಗಳವಾರ ಬಂದದ್ದು ಮೂರನೆಯದು, ಕಂದು ಕೆಂಪು. ಗುರುವಾರ ಅಭ್ಯಾಸಕ್ಕೆ ಬಂದ ಗಾಯಕರು ಬಾಗಿಲಲ್ಲೇ ನಿಂತು ಪಿಯಾನೊದ ಮೇಲಿದ್ದ ಆ ಬಣ್ಣವನ್ನು ನೋಡಿದರು. ಮಫ್ಲರು ತೆಗೆಯಲಿಲ್ಲ. ಹೂಸ್ಟನ್ನಿನಲ್ಲಿ ತಾವು ಪಾಠ ಹೇಳುತ್ತಿರುವ ಶಿಷ್ಯರೆಲ್ಲ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಈ ರಟ್ಟಿನ ಬಣ್ಣ ಅವರೆಲ್ಲರಿಗೂ ಗೊತ್ತು ಎಂದರು. ಇದನ್ನು ಮುಟ್ಟಿದ ಶಿಷ್ಯರನ್ನು, ಅಷ್ಟು ಬೇಗ ಮುದುಕನಾದೆಯಾ ಎಂದು ತಾವೇ ಛೇಡಿಸಿದ್ದಾರಂತೆ. ಆ ದಿನ ಅವರು ಹಾಡಲಿಲ್ಲ. ಟೀಚರ್ ಒಬ್ಬರೇ ನುಡಿಸಿದರು, ಎಡವಿದರು, ಮತ್ತೆ ನುಡಿಸಿದರು. ಅಷ್ಟು ದೊಡ್ಡ ಮನುಷ್ಯ ಒಂದು ರಟ್ಟಿಗೆ ಹೆದರುವುದನ್ನು ನೋಡಿ ನನಗೆ ಒಳಗೊಳಗೇ ಹಿತವಾಯಿತೆಂದರೆ ತಪ್ಪು ತಿಳಿಯಬಾರದು. ರಟ್ಟಿನಂಥವಕ್ಕೆ ಹೆದರುವುದರಲ್ಲಿ ನನಗೆ ಅನುಭವ ಸಾಕಷ್ಟಿದೆ.

ಹೊಸ ಪುಸ್ತಕದಲ್ಲಿ ಪುಟ ತಿರುಗುವ ಜಾಗಗಳೆಲ್ಲ ಬೇರೆ, ಗುರುತು ಹಾಕಿಕೊಳ್ಳಬೇಕು ಎಂದು ನೆಪ ಹೇಳಿ ಅದನ್ನು ಮನೆಗೆ ತಂದೆ. ನೆಪವೂ ಸುಳ್ಳಲ್ಲ, ಅಂಗಡಿಯಲ್ಲಿ ತರಕಾರಿ ತುಂಬಿಕೊಡುವ ಕಂದು ಕಾಗದದ ಚೀಲಗಳು ಮನೆಯಲ್ಲಿದ್ದದ್ದೂ ಸುಳ್ಳಲ್ಲ. ಎರಡನ್ನು ಕತ್ತರಿಸಿ, ಇಸ್ತ್ರಿ ಮಾಡಿ, ಅಂಚು ಮಡಚಿ, ಜೂನ್ ತಿಂಗಳಲ್ಲಿ ಸ್ಕೂಲು ಶುರುವಾಗುವ ಮುಂಚೆ ಅಪ್ಪ ನಮ್ಮನ್ನೆಲ್ಲ ಸಾಲಾಗಿ ಕೂರಿಸಿಕೊಂಡು ಹಾಕುತ್ತಿದ್ದ ಹಾಗೆಯೇ ಬೈಂಡ್ ಹಾಕಿದೆ. ಅಪ್ಪನ ಕೈಯಲ್ಲಿ ಮೂಲೆಗಳು ಕತ್ತಿಯ ಹಾಗೆ ಬರುತ್ತಿದ್ದವು, ನನ್ನವು ಹೋಳಿಗೆಯ ಹಾಗೆ ಬಂದವು. ಕೇಟಿಯ ನಮ್ಮ ಭಾನುವಾರದ ಕನ್ನಡ ಶಾಲೆಗೆಂದು ಅಚ್ಚು ಹಾಕಿಸಿದ ಲೇಬಲ್ಲುಗಳು ಮಿಕ್ಕಿದ್ದವು. ಹೆಸರು, ತರಗತಿ, ವಿಷಯ. ಬೈಂಡ್ ಹಾಕಿದ ಮೇಲೆ ಲೇಬಲ್ ಇಲ್ಲದೆ ಬಿಡಲು ಕೈ ಬರಲಿಲ್ಲ. ಒಂದನ್ನು ಅಂಟಿಸಿದೆ, ಏನೂ ಬರೆಯಲಿಲ್ಲ. ಆಮೇಲೆ ಇಡೀ ದಿನ, ಕಾಗದ ವೇದಿಕೆಯ ಮೇಲೆ ಚರಗುಟ್ಟುತ್ತದೆಯೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ.

ಮುಂದಿನ ಅಭ್ಯಾಸದಲ್ಲಿ ಅದನ್ನು ಪಿಯಾನೊ ಮೇಲಿಟ್ಟಾಗ ಗಾಯಕರು ಹತ್ತಿರ ಬಂದು, ಬಾಗಿ, ಕಾಗದದ ಮೇಲೆ ಬೆರಳಾಡಿಸಿದರು. ಇದೇನು ಎಂದು ಕೇಳಿದರು. ನಮ್ಮೂರಿನಲ್ಲಿ ಹೊಸ ಕ್ಲಾಸಿಗೆ ಹೋಗುವಾಗ ಎಲ್ಲ ಪುಸ್ತಕಕ್ಕೂ ಹೀಗೆ ಹಾಕುತ್ತೇವೆ, ಒಳಗೆ ಯಾವ ಪುಸ್ತಕ ಇದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ ಎಂದೆ. ಲೇಬಲ್ ತೋರಿಸಿ, ಈ ಮೂರು ಪದಗಳೇನು ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ಮಫ್ಲರು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಟೀಚರ್ ನನ್ನ ಕಡೆ ನೋಡದೆ ಮೊದಲ ಪುಟ ತೆರೆದರು.

ಮೂರು ವಾರ ಟೀಚರ್ ಆ ಹೊಸ ಊರಿನಲ್ಲಿ ದಾರಿ ಹುಡುಕಿದರು. ಬೆನ್ನಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ನುಡಿಸಿದರು. ನಾನು ಪಾಪಪ್ರಜ್ಞೆಗೆ ದಿನಾ ಏನಾದರೊಂದು ಮಾಡಿ ತೆಗೆದುಕೊಂಡು ಹೋಗುತ್ತಿದ್ದೆ. ಅವರಿಗೆ ಬಿಸಿಬೇಳೆಬಾತಿನ ಅಭ್ಯಾಸ ಆದದ್ದು ಆಗಲೇ. ಗಾಯಕರಿಗೂ ಸುಲಭವಿರಲಿಲ್ಲ. ಇಷ್ಟು ವರ್ಷ ಒಂದು ಎತ್ತರಕ್ಕೆ ಕಾಲೆತ್ತಿ ಅಭ್ಯಾಸವಾದವರು ಮೆಟ್ಟಿಲು ತಗ್ಗಾಗಿದ್ದರೆ ಮುಗ್ಗರಿಸುವ ಹಾಗೆ, ಎಷ್ಟೋ ಕಡೆ ಬೇಕಾದದ್ದಕ್ಕಿಂತ ಮೇಲಕ್ಕೆ ಹೋಗಿಬಿಡುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಅದು ನಿಂತಿತು. ಹೂಸ್ಟನ್ನಿನವರಿಗೆ ಬರುವುದಿಲ್ಲ ಎಂದು ಅವರು ತಿಳಿಸಿರಲಿಲ್ಲ. ಬರುತ್ತೇನೆ ಎಂದೂ ನಮಗೆ ಹೇಳಿರಲಿಲ್ಲ.

ಕಛೇರಿ ಮಧ್ಯಾಹ್ನ ಮೂರಕ್ಕೆ. ಮುಂದಿನ ಸಾಲಿನಲ್ಲಿ ಶಿಷ್ಯರು, ಅವರ ನಡುವೆ ಗಾಯಕರ ಹೆಂಡತಿ, ಹಿಂದೆಲ್ಲೋ ನನ್ನ ಗಂಡ. ಅವನ ಪಕ್ಕದಲ್ಲಿ ಪಕ್ಕದ ಊರು ಫುಲ್‌ಶೀರಿನಿಂದ ಬಂದ ನಮ್ಮ ಸ್ನೇಹಿತರು, ಎಲ್ಲಿ ಚಪ್ಪಾಳೆ ತಟ್ಟಬೇಕು ಎಂದು ನನ್ನಿಂದ ಪಾಠ ಹೇಳಿಸಿಕೊಂಡವರು. ಕಪ್ಪು ಪಿಯಾನೊದ ಮೇಲೆ ತರಕಾರಿ ಚೀಲದ ಬೈಂಡ್ ಹಾಕಿದ ಪುಸ್ತಕ. ನಾನು ಕೂತಲ್ಲಿಂದ ಲೇಬಲ್ಲು ಕಾಣುತ್ತಿರಲಿಲ್ಲ, ಹೋಳಿಗೆ ಮೂಲೆ ಕಾಣುತ್ತಿತ್ತು. ಮೊದಲ ಹಾಡು, ಎರಡನೆಯದು, ಮೂರನೆಯದು. ಶಿಷ್ಯರಲ್ಲಿ ಯಾರೂ ಕತ್ತು ಚಾಚಲಿಲ್ಲ.

ಆ ಹಾಡು ಬಂತು. ಎದ್ದೆ, ಎಡಗೈ ಚಾಚಿದೆ, ಮೂಲೆ ಹಿಡಿದೆ, ಟೀಚರ ತಲೆ ಆಡಿತು, ತಿರುಗಿಸಿದೆ. ದನಿ ಏರಿತು.

ಇಲ್ಲಿ ನಾನು ಏನೋ ದೊಡ್ಡದು ಬರೆಯಬೇಕೆಂದು ಓದುವವರಿಗೆ ಅನ್ನಿಸಬಹುದು. ನಿಜ ಹೇಳುತ್ತೇನೆ, ನಾನು ಆಗ ಮುಂದಿನ ತಿರುವಿಗೆ ಇನ್ನೆಷ್ಟು ಮಾತ್ರೆ ಇದೆ ಎಂದು ಎಣಿಸುತ್ತಿದ್ದೆ. ಏಳು, ಆರು, ಐದು. ಎಣಿಕೆ ನಾಲ್ಕಕ್ಕೆ ಬಂದಾಗ, ಒಡೆಯಬೇಕಾದದ್ದು ಒಡೆಯಲಿಲ್ಲ ಎಂದು ಗೊತ್ತಾಯಿತು. ಸ್ವರ ನಿಂತಿತ್ತು. ಪಕ್ಕದಲ್ಲಿ ಯಾರೋ ಬಂದು ಕೂತ ಹಾಗೆ ನಿಂತಿತ್ತು. ಆಮೇಲೆ ಅವರು ಅದನ್ನು ಸಣ್ಣ ಮಾಡುತ್ತಾ ಹೋದರು, ಇನ್ನೂ ಸಣ್ಣ, ಇನ್ನೂ; ಎಲ್ಲಿ ಮುಗಿಯಿತು ಎನ್ನುವುದು ಯಾರಿಗೂ ತಿಳಿಯಲಿಲ್ಲ. ಹಳೆಯ ಶ್ರುತಿಯಲ್ಲಿ ಅದನ್ನು ಅವರು ಹಾಗೆ ಕರಗಿಸಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿಗೆ ಏರುವುದರಲ್ಲೇ ಉಸಿರು ಮುಗಿಯುತ್ತಿತ್ತು ಅಂತ ಕಾಣುತ್ತದೆ. ಟೀಚರ್ ನನ್ನನ್ನು ನೋಡಿದರು. ಹುಬ್ಬು ಏರಿಸಿದರು. ನನ್ನ ಎಣಿಕೆ ತಪ್ಪಿ, ಮುಂದಿನ ಪುಟವನ್ನು ಅವರೇ ಬಲಗೈಯಲ್ಲಿ ಎಳೆದುಕೊಂಡರು.

ಅದೊಂದು ತಪ್ಪನ್ನು ಬಿಟ್ಟರೆ ಉಳಿದದ್ದು ಸರಿಯಾಗಿ ನಡೆಯಿತು. ಗಾಯಕರು ಎರಡನೇ ಸಲವೂ ಹೊರಗೆ ಬಂದು ಬಾಗಿದರು, ಮೂರನೇ ಸಲವೂ. ಒಳಗೆ ಶಿಷ್ಯರು ಸುತ್ತುವರಿದಾಗ ಅವರಲ್ಲೊಬ್ಬಳು ಪುಸ್ತಕ ತೋರಿಸಿ ಇದು ಯಾವ ಆವೃತ್ತಿ ಎಂದು ಕೇಳಿದಳು. ನಾನು ಸುಳ್ಳು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ, ಕೆಳಗಿನ ಕಂಠದ್ದು ಎಂದರು. ಅವಳು ಓ ಎಂದಳು, ಆಮೇಲೆ ಆ ಹಾಡಿನ ಕೊನೆಯನ್ನು ಹೇಗೆ ಮಾಡಿದಿರಿ ಎಂದು ಕೇಳಿದಳು. ಮುಂದಿನ ಹತ್ತು ನಿಮಿಷ ಅದರದೇ ಮಾತು. ರಟ್ಟಿನ ಬಣ್ಣವನ್ನು ಯಾರೂ ಕೇಳಲಿಲ್ಲ.

ಮಾರನೇ ದಿನ ಮರ್ಫಿಗೆ ಫೋನ್ ಮಾಡಿದೆ. ಗಾಯಕರು ಹೇಗೆ ಹಾಡಿದರು ಎಂದು ಅಜ್ಜಿ ಕೇಳಲಿಲ್ಲ, ಜನ ಎಷ್ಟು ಬಂದಿದ್ದರು ಎಂದೂ ಕೇಳಲಿಲ್ಲ.

"ಉಸಿರು ಉಳೀತೇನು?" ಎಂದರು.

ಉಳಿಯಿತು ಅಜ್ಜಿ, ಎಂದೆ.

"ಹಂಗಾದ್ರ ಇನ್ನ ಹತ್ತು ವರ್ಷ ಕಾಳಜಿ ಇಲ್ಲ. ನೀನು ಸುಮ್ಮನ ಕಾಳಜಿ ಮಾಡಬ್ಯಾಡ."

ಅದು ಮಾತ್ರ ನನ್ನ ಕೈಲಿಲ್ಲ. ಆದರೂ ಈಗ ಬೇರೆ ಬೇರೆ ವಿಷಯಗಳ ಕಾಳಜಿ ಮಾಡುತ್ತೇನೆ. ಗಾಯಕರು ಆಮೇಲೆ ಇನ್ನೂ ಎರಡು ಮಾಲೆಗಳನ್ನು ಇಳಿಸಿಕೊಂಡರು. ಟೀಚರ್ ಅದಕ್ಕೆ ಒಪ್ಪುವಾಗ ನನ್ನಿಂದ ವಾರಕ್ಕೊಂದು ಡಬ್ಬ ಬಿಸಿಬೇಳೆಬಾತನ್ನು ಬರೆಸಿಕೊಂಡರು. ಬರುವ ತಿಂಗಳು ಮತ್ತೆ ಡಾಲಸ್. ಬಿಟ್ಟುಹೋದ ಆ 'ಎಲೆ'ಗೂ ಬಡಿಸಬೇಕು ಎಂದು ನಾನು ಹೇಳಿದ್ದು ಗಾಯಕರಿಗೆ ತರ್ಜುಮೆಯಲ್ಲಿ ಅರ್ಥವಾಗಲಿಲ್ಲ, ಆದರೆ ಆ ಹಾಡು ಈ ಸಲದ ಹಾಡುಗಳ ಪಟ್ಟಿಯಲ್ಲಿದೆ.

ಮೊನ್ನೆ ಅಭ್ಯಾಸಕ್ಕೆ ಪುಸ್ತಕ ತೆಗೆದಿಡುವಾಗ ಲೇಬಲ್ ನೋಡಿದೆ. ಹೂಸ್ಟನ್ನಿನ ಕಛೇರಿ ಆದ ವಾರವೇ ಗಾಯಕರು ಅದನ್ನು ಪೆನ್ಸಿಲಿನಲ್ಲಿ ತುಂಬಿದ್ದರು. ಹೆಸರಿನ ಎದುರು ಹೆಸರು. ವಿಷಯದ ಎದುರು ಹಾಡು ಎಂದು, ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡು ಅದನ್ನು ನೋಡಿ ಬರೆದದ್ದು. ತರಗತಿಯ ಎದುರು ತಮ್ಮ ವಯಸ್ಸು, ಅರವತ್ತೊಂದು. ಈಗ ಅದನ್ನು ಅಳಿಸಿ ಅರವತ್ತೆರಡು ಮಾಡಿದ್ದಾರೆ. ಅಳಿಸಿದ ಜಾಗದಲ್ಲಿ ಲೇಬಲ್ ತೆಳ್ಳಗಾಗಿದೆ, ಹೋಳಿಗೆ ಮೂಲೆಯೂ ಬಿರುಕು ಬಿಟ್ಟಿದೆ. ಜೂನ್ ಹತ್ತಿರ ಬಂತು. ಹೊಸ ಬೈಂಡ್ ಹಾಕಬೇಕು.